ರದ್ದಿ ಪೇಪರ್, ತೆಂಗಿನ ಕಡ್ಡಿ, ಹಪ್ಪಳ: ಮನೆಯಲ್ಲೇ ಮಕ್ಕಳ ಎಂಜಿನಿಯರಿಂಗ್ – ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ತಿಂಡಿ ಆದಮೇಲೆ ನಮ್ಮ ಬೀದಿಯ ಏಳೆಂಟು ಮಕ್ಕಳು ನಮ್ಮನೆ ಟೆರೇಸಿಗೆ ಬರುತ್ತಾರೆ. ಏನಾದರೂ ಕಟ್ಟುತ್ತಾರೆ, ಬೀಳಿಸುತ್ತಾರೆ, ಜಗಳ ಆಡುತ್ತಾರೆ, ಮತ್ತೆ ಕಟ್ಟುತ್ತಾರೆ. ನಾನು ಡಿಪ್ಲೊಮಾದಲ್ಲಿ ಸಿವಿಲ್ ಓದಿದವಳು. ಈಗ ಮನೆಯಲ್ಲೇ ಕೂತು ಕಟ್ಟಡಗಳ ಎಸ್ಟಿಮೇಟ್ ಮಾಡುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಪ್ರತಿ ವಾರ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಇದಕ್ಕೆ ಎಂಜಿನಿಯರಿಂಗ್ ಅಂತ ದೊಡ್ಡ ಹೆಸರು ಯಾಕೆ? ಕ್ರಾಫ್ಟ್ ಅಂದರೆ ಸಾಲದಾ?

ಕ್ರಾಫ್ಟ್ ನೋಡಲು ಚೆನ್ನಾಗಿದ್ದರೆ ಸಾಕು. ಇದು ಕೆಲಸ ಮಾಡಬೇಕು. ಅದೂ ಒಂದು ಕಟ್ಟುಪಾಡಿನೊಳಗೆ: ಒಂದೇ ಹಾಳೆ, ಇಷ್ಟೇ ದಾರ, ಅಂಟು ಇಲ್ಲ. ಆಮೇಲೆ ಎಷ್ಟು ಭಾರ ಹೊತ್ತಿತು, ಎಷ್ಟು ದೂರ ಹೋಯಿತು ಅಂತ ಎಣಿಸಬೇಕು. ಬಣ್ಣ ಬಳಿದ ಚಂದದ ಸೇತುವೆ ಹತ್ತು ನಾಣ್ಯಕ್ಕೆ ಕುಸಿದು, ಸೊಟ್ಟಗಿರುವ ಇನ್ನೊಂದು ಐವತ್ತು ನಾಣ್ಯ ಹೊತ್ತರೆ, ಸೊಟ್ಟಗಿರುವುದೇ ಗೆದ್ದಿತು. ಮಕ್ಕಳಿಗೆ ಈ ನ್ಯಾಯ ಬೇಗ ಅರ್ಥವಾಗುತ್ತದೆ. ದೊಡ್ಡವರಿಗೇ ಸ್ವಲ್ಪ ತಡ.

ಮೊದಲ ದಿನ ಏನು ಮಾಡಿಸಲಿ?

ಹಾಳೆ ಸೇತುವೆ. ಐದು ಪೈಸೆ ಖರ್ಚಿಲ್ಲ, ಕತ್ತರಿಯೂ ಬೇಡ.

ಎರಡು ಪುಸ್ತಕದ ರಾಶಿ ಇಡಿ, ನಡುವೆ 20 ಸೆಂ.ಮೀ. ಜಾಗ ಬಿಡಿ. ಒಂದು ಎ4 ಹಾಳೆ ಕೊಡಿ. ಅದರ ತೂಕ ಸುಮಾರು 5 ಗ್ರಾಂ, ಅಷ್ಟೇ. ಮೊದಲು ಮಟ್ಟಸವಾಗಿ ಹಾಸಿ ಒಂದು ರೂಪಾಯಿ ನಾಣ್ಯ ಇಡಲಿ. ಹಾಳೆ ನಡುವೆ ಜೋತು ಬಿದ್ದು ಎರಡು ಮೂರು ನಾಣ್ಯಕ್ಕೇ ಜಾರುತ್ತದೆ. ಈಗ ಸುಮ್ಮನಿರಿ. ಐದು ನಿಮಿಷ ಏನೂ ಹೇಳಬೇಡಿ. ಕೆಲವು ಮಕ್ಕಳು ಎರಡಾಗಿ ಮಡಚುತ್ತಾರೆ, ಕೆಲವರು ಸುರುಳಿ ಸುತ್ತುತ್ತಾರೆ. ಯಾರಾದರೂ ಒಬ್ಬರು ಅಮ್ಮನ ಸೀರೆಯ ನೆರಿಗೆಯ ಹಾಗೆ ಮಡಚೇ ಮಡಚುತ್ತಾರೆ. ನೆರಿಗೆಗಳು ಈ ದಡದಿಂದ ಆ ದಡಕ್ಕೆ ಉದ್ದಕ್ಕೂ ಓಡಬೇಕು, ಅಡ್ಡ ಇರಬಾರದು. ಅಡ್ಡ ಮಡಚಿದ ಮಗುವಿಗೂ ಹೇಳಬೇಡಿ, ಅದು ಬಿದ್ದೇ ಕಲಿಯುತ್ತದೆ.

ನಮ್ಮ ಟೆರೇಸಿನಲ್ಲಿ ನೆರಿಗೆ ಸೇತುವೆ 60 ನಾಣ್ಯ ದಾಟಿತು. ಅದೇ ಹಾಳೆ, ಅದೇ 5 ಗ್ರಾಂ. ಆಮೇಲೆ ಒಂದು ಪ್ಲಾಸ್ಟಿಕ್ ಸ್ಕೇಲ್ ಕೈಗೆ ಕೊಡಿ. ಮಲಗಿಸಿ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದಿಲ್ಲ. ಭಾರ ಬೀಳುವ ದಿಕ್ಕಿನಲ್ಲಿ ಎತ್ತರ ಹೆಚ್ಚಿದಷ್ಟೂ ವಸ್ತು ಬಾಗಲು ಒಪ್ಪುವುದಿಲ್ಲ. ಹಲಗೆಯೊಂದರ ದಪ್ಪ ಎರಡರಷ್ಟಾದರೆ ಅದು ಬಾಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ. ನೆರಿಗೆ ಹಾಕಿದಾಗ ತೆಳು ಹಾಳೆಗೂ ಎತ್ತರ ಬರುತ್ತದೆ. ಶೆಡ್ಡಿನ ಸಿಮೆಂಟ್ ಶೀಟು, ಜಿಂಕ್ ಶೀಟು ಅಲೆ ಅಲೆಯಾಗಿರುವುದು ಯಾಕೆ ಅಂತ ಈಗ ಕೇಳಿ ನೋಡಿ. ನೀವು ವಿವರಿಸುವ ಮೊದಲೇ ಉತ್ತರ ಬರುತ್ತದೆ.

ಆನ್‌ಲೈನಿನಲ್ಲಿ ಒಳ್ಳೊಳ್ಳೆ ಕಿಟ್ ಸಿಗುತ್ತವಲ್ಲ, ತರಿಸಬಾರದಾ?

ತರಿಸಿ, ತಪ್ಪೇನಿಲ್ಲ. ಆದರೆ ಕಿಟ್ಟಿನಲ್ಲಿ ಎಲ್ಲ ತೂತೂ ಸರಿಯಾದ ಜಾಗದಲ್ಲೇ ಇರುತ್ತದೆ. ಜೋಡಿಸಿದರೆ ಓಡುತ್ತದೆ, ಒಂದು ಸಂಜೆಗೆ ಮುಗಿಯುತ್ತದೆ. ತೂತು ಎಲ್ಲಿ ಕೊರೆಯಬೇಕು ಅಂತ ಯೋಚಿಸುವ ಕೆಲಸವೇ ಮಗುವಿಗೆ ಸಿಗುವುದಿಲ್ಲ.

ಬದಲಿಗೆ ಒಂದು ರಟ್ಟಿನ ಡಬ್ಬ ಇಡಿ. ಬಾಟಲಿ ಮುಚ್ಚಳ, ಖಾಲಿ ರೀಫಿಲ್ಲು, ಸುಟ್ಟ ಊದುಬತ್ತಿಯ ಕಡ್ಡಿ, ರಬ್ಬರ್ ಬ್ಯಾಂಡು, ಹರಿದ ಹವಾಯಿ ಚಪ್ಪಲಿ, ಐಸ್‌ಕ್ರೀಂ ಕಡ್ಡಿ, ಕೋರಿಯರ್ ಬಂದ ರಟ್ಟು ಎಲ್ಲ ಅದರೊಳಗೆ ಬೀಳಲಿ. ತಿಂಗಳಲ್ಲಿ ತುಂಬುತ್ತದೆ. ಪ್ಲಾಸ್ಟಿಕ್ ಸ್ಟ್ರಾಗಳಿಗೆ 2022ರ ಜುಲೈನಿಂದ ನಿಷೇಧವಿದೆ. ಅವುಗಳ ಜಾಗದಲ್ಲಿ ಖಾಲಿ ಪೆನ್ನಿನ ಕೊಳವೆ ಚೆನ್ನಾಗಿ ನಡೆಯುತ್ತದೆ. ಹಳ್ಳಿಯಲ್ಲಿದ್ದರೆ ಪಪ್ಪಾಯಿ ಎಲೆಯ ದಂಟು ಇನ್ನೂ ಒಳ್ಳೇದು, ಒಳಗೆ ಟೊಳ್ಳು, ಬೇಕಾದಷ್ಟು ಉದ್ದ.

ಎಷ್ಟು ವಯಸ್ಸಿಗೆ ಶುರು ಮಾಡಬಹುದು?

ನಾಲ್ಕು ವರ್ಷದ ಮಗು ಪೇಪರ್ ಹರಿಯಲಿ, ಸುರುಳಿ ಸುತ್ತಲಿ, ಲೋಟ ಜೋಡಿಸಿ ಬೀಳಿಸಲಿ. ಏಳೆಂಟಕ್ಕೆ ಕತ್ತರಿ, ಅಳತೆ. ಹತ್ತು ದಾಟಿದ ಮೇಲೆ ಸ್ಕ್ರೂಡ್ರೈವರ್, ಸುತ್ತಿಗೆ, ನೀವು ಪಕ್ಕದಲ್ಲಿದ್ದರೆ ಗರಗಸ. ವಯಸ್ಸಿಗಿಂತ ಮಗುವಿನ ಸ್ವಭಾವ ನೋಡಿ. ನಮ್ಮಲ್ಲಿ ಹನ್ನೊಂದು ವರ್ಷದ ಒಬ್ಬನಿಗೆ ಇವತ್ತಿಗೂ ನಾನು ಬ್ಲೇಡ್ ಕೊಟ್ಟಿಲ್ಲ.

ಯಾವ ಅಂಟು ಬಳಸಲಿ?

ಮೈದಾ ಅಂಟು. ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗೊಟಾಯಿಸಿ. ಬಿಳುಪು ಹೋಗಿ ಪಾರದರ್ಶಕ ಆಗುವಾಗ ಇಳಿಸಿ. ಗಣೇಶನ ಹಬ್ಬಕ್ಕೆ ಬಣ್ಣದ ಕಾಗದ ಅಂಟಿಸುತ್ತಿದ್ದೆವಲ್ಲ, ಅದೇ. ಹಿಂದೆ ಹುಳ ಬರದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳು ಮುಟ್ಟುವ ಅಂಟಿಗೆ ಹಾಕಬೇಡಿ. ಎರಡು ದಿನಕ್ಕೆ ಹುಳಿ ಬಂದರೆ ಚೆಲ್ಲಿ ಹೊಸದು ಮಾಡಿದರಾಯಿತು.

ಮರಕ್ಕೆ, ರಟ್ಟಿಗೆ ಫೆವಿಕಾಲ್. ಅದು ಒಣಗಲು ರಾತ್ರಿ ಪೂರ್ತಿ ಬೇಕು, ಮಕ್ಕಳಿಗೆ ಅಷ್ಟು ತಾಳ್ಮೆ ಇರಲ್ಲ. ಹಾಗಾಗಿ ದಾರದಲ್ಲಿ ಕಟ್ಟುವುದನ್ನು ಕಲಿಸಿ. ಫೆವಿಕ್ವಿಕ್ ಮಾತ್ರ ಎತ್ತಿ ಮೇಲಿಡಿ, ಒಂದು ಹನಿಗೆ ಎರಡು ಬೆರಳು ಅಂಟಿಕೊಳ್ಳುತ್ತವೆ.

ಕಡ್ಡಿ ಗೋಪುರ ಕಟ್ಟಿದರೆ ವಾಲಿ ವಾಲಿ ಬೀಳುತ್ತದೆ. ಏನು ತಪ್ಪು?

ಚೌಕ ಕಟ್ಟಿರುತ್ತೀರಿ. ತ್ರಿಕೋನ ಕಟ್ಟಿ.

ಇದಕ್ಕೆ ನನ್ನ ಇಷ್ಟದ ಸಾಮಾನು ಅಂದರೆ ಹಿಂದಿನ ರಾತ್ರಿ ನೆನೆಹಾಕಿದ ಒಣ ಬಟಾಣಿ ಮತ್ತು ಪೊರಕೆಯ ತೆಂಗಿನ ಕಡ್ಡಿ. ಬಟಾಣಿಯೇ ಗಂಟು. ಕಡ್ಡಿಯನ್ನು ಬೆರಳುದ್ದಕ್ಕೆ ಮುರಿದು ಚುಚ್ಚುತ್ತಾ ಹೋದರೆ ಆಯಿತು. ನಾಳೆ ಬಟಾಣಿ ಒಣಗಿ ಕುಗ್ಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ಚೌಕ, ಒಂದು ತ್ರಿಕೋನ ಮಾಡಿಸಿ. ಮೂಲೆ ಹಿಡಿದು ತಳ್ಳಿದರೆ ಚೌಕ ಓರೆಯಾಗುತ್ತದೆ. ತ್ರಿಕೋನ ಜಪ್ಪಯ್ಯ ಅಂದರೂ ಅಲುಗದು, ಒಂದು ಕಡ್ಡಿ ಮುರಿದರೆ ಮಾತ್ರ ಆಕಾರ ಕೆಡುತ್ತದೆ. ಚೌಕಕ್ಕೆ ಒಂದು ಓರೆ ಕಡ್ಡಿ ಸೇರಿಸಿದರೆ ಅದೂ ಎರಡು ತ್ರಿಕೋನವಾಗಿ ಗಟ್ಟಿಯಾಯಿತು. ಆಮೇಲೆ ಹೊಲದ ನಡುವಿನ ಹೈಟೆನ್ಷನ್ ಲೈನಿನ ಟವರು, ರೈಲ್ವೆಯ ಕಬ್ಬಿಣದ ಸೇತುವೆ ಎಲ್ಲಿ ಕಂಡರೂ ಮಕ್ಕಳು ತ್ರಿಕೋನ ಎಣಿಸುತ್ತಾರೆ. ಬಸ್ಸಿನಲ್ಲಿ ಪಕ್ಕದವರಿಗೆ ಕಿರಿಕಿರಿ ಆಗುವಷ್ಟು.

ಬಲೂನ್ ಕಾರು ಮಾಡಿದೆವು, ಓಡಲ್ಲ. ಬಲೂನ್ ದೊಡ್ಡದು ತರಲಾ?

ಬೇಡ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಚಕ್ರದಲ್ಲಿರುತ್ತದೆ. ಬಲೂನ್ ತೆಗೆದು ಕಾರನ್ನು ಬೆರಳಿನಿಂದ ಮೆಲ್ಲಗೆ ನೂಕಿ. ಅದೇ ಉರುಳದಿದ್ದರೆ ಗಾಳಿ ಏನು ಮಾಡೀತು?

ಅಚ್ಚು ಸಡಿಲವಾಗಿ ತಿರುಗುತ್ತಿದೆಯಾ, ಇಲ್ಲಾ ಅಂಟು ಸೋರಿ ಹಿಡಿದುಕೊಂಡಿದೆಯಾ ನೋಡಿ. ಊದುಬತ್ತಿ ಕಡ್ಡಿ ಪೆನ್ನಿನ ಕೊಳವೆಯೊಳಗೆ ಸರಾಗವಾಗಿ ಸುತ್ತಬೇಕು. ಕೊಳವೆ ಮಾತ್ರ ರಟ್ಟಿಗೆ ಅಂಟಿರಬೇಕು. ಎರಡನೇದು, ಮುಚ್ಚಳದ ತೂತು ಸರಿಯಾಗಿ ನಡುವಿಗೆ ಇಲ್ಲದಿದ್ದರೆ ಚಕ್ರ ಕುಂಟುತ್ತದೆ. ನಡು ಹುಡುಕುವುದು ಸುಲಭ: ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿ, ಆ ವೃತ್ತವನ್ನು ಎರಡು ಸಲ ಅರ್ಧಕ್ಕೆ ಮಡಚಿ. ಮಡಿಕೆಗಳು ಸೇರುವ ಜಾಗವೇ ನಡು. ಮುಚ್ಚಳವನ್ನು ಮರದ ತುಂಡಿನ ಮೇಲಿಟ್ಟು ಮೊಳೆ ಹೊಡೆದು ತೂತು ಮಾಡಿ. ಈ ಕೆಲಸ ದೊಡ್ಡವರದ್ದು.

ನಮ್ಮ ಕಾಲದಲ್ಲಿ ಸವೆದ ಹವಾಯಿ ಚಪ್ಪಲಿಯನ್ನೇ ದುಂಡಗೆ ಕತ್ತರಿಸಿ ಚಕ್ರ ಮಾಡುತ್ತಿದ್ದೆವು. ಅದು ನುಣುಪಾದ ನೆಲದಲ್ಲೂ ಜಾರಲ್ಲ. ಮುಚ್ಚಳದ ಚಕ್ರಕ್ಕಿಂತ ಅದೇ ಮೇಲು ಅಂತ ನನ್ನ ಅಭಿಪ್ರಾಯ. ಮಕ್ಕಳು ಒಪ್ಪಿಲ್ಲ.

ಸಿರಿಂಜಿನ ಜೆಸಿಬಿ ಮಾಡುವುದು ಹೇಗೆ?

ಇದು ಎಲ್ಲರ ಅಚ್ಚುಮೆಚ್ಚು. ಜೆಸಿಬಿ ಮಣ್ಣು ತೆಗೆಯುವುದನ್ನು ಅರ್ಧ ಗಂಟೆ ನಿಂತು ನೋಡದ ಮಗು ನಮ್ಮ ಕಡೆ ಇಲ್ಲ, ಅಲ್ವಾ? ಮಗು ಯಾಕೆ, ಅಪ್ಪಂದಿರೂ ನಿಲ್ಲುತ್ತಾರೆ.

ಮೆಡಿಕಲ್ ಶಾಪಿನಿಂದ ಹೊಸ ಸಿರಿಂಜು ತನ್ನಿ. ಸೂಜಿಯನ್ನು ಅಲ್ಲೇ ವಾಪಸ್ ಕೊಡಿ. ಬಳಸಿದ ಸಿರಿಂಜು ಎಲ್ಲಿ ಸಿಕ್ಕರೂ ಮುಟ್ಟಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿ. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪೈಪಿನ ಒಂದೊಂದು ತುದಿಗೆ ಒಂದೊಂದು ಸಿರಿಂಜು. ಒಳಗೆ ಕುಂಕುಮ ಕಲಸಿದ ನೀರು. ಈ ಕಡೆ ಒತ್ತಿದರೆ ಆ ಕಡೆಯದು ಹೊರಗೆ ಬರುತ್ತದೆ. ರಟ್ಟಿನ ಕೈಗೆ ಮೂರು ಜೊತೆ ಜೋಡಿಸಿದರೆ ಎತ್ತುತ್ತದೆ, ಚಾಚುತ್ತದೆ, ಬಕೆಟ್ ಮಗುಚುತ್ತದೆ.

ಸಾಮಾನ್ಯ ತೊಂದರೆ ಗುಳ್ಳೆ. ಪೈಪಿನಲ್ಲಿ ಗಾಳಿ ಉಳಿದಿದ್ದರೆ ಒತ್ತಿದಾಗ ಮೊದಲು ಗಾಳಿ ಕುಗ್ಗುತ್ತದೆ, ಆಮೇಲೆ ಕೈ ಮೆಲ್ಲಗೆ ಏಳುತ್ತದೆ. ನೀರು ಹಾಗೆ ಕುಗ್ಗುವುದಿಲ್ಲ. ಜೋಡಿಸುವ ಕೆಲಸವನ್ನು ಬಕೆಟ್ ನೀರಿನೊಳಗೇ ಮುಳುಗಿಸಿ ಮಾಡಿದರೆ ಗುಳ್ಳೆ ಬರುವುದಿಲ್ಲ. ಬೇಕಂತಲೇ ಒಂದು ಜೊತೆಗೆ ಬರೀ ಗಾಳಿ ತುಂಬಿಸಿ ಹೋಲಿಸಿ, ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಮುಂದಿನ ವಾರ ಒಂದು ಕಡೆ 5 ಎಂಎಲ್, ಇನ್ನೊಂದು ಕಡೆ 20 ಎಂಎಲ್ ಸಿರಿಂಜು ಹಾಕಿ. ಸಣ್ಣದನ್ನು ಪೂರ್ತಿ ಒತ್ತಿದರೂ ದೊಡ್ಡದು ಸ್ವಲ್ಪವೇ ಸರಿಯುತ್ತದೆ, ಆದರೆ ಜೋರು ಜಾಸ್ತಿ. ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ ಒತ್ತಿಸಿ. ಸಣ್ಣ ಸಿರಿಂಜು ಹಿಡಿದವಳು ಒಂದೇ ಹೆಬ್ಬೆರಳಲ್ಲಿ ಗೆಲ್ಲುತ್ತಾಳೆ. ಒತ್ತಡ ಎರಡೂ ಕಡೆ ಒಂದೇ, ಅದು ಬೀಳುವ ಜಾಗ ದೊಡ್ಡದಾದರೆ ಬಲವೂ ದೊಡ್ಡದು. ಪ್ಯಾಸ್ಕಲ್ ನಿಯಮ ಅನ್ನುವ ಹೆಸರು ಶಾಲೆಯಲ್ಲಿ ಬಂದಾಗ ಬರಲಿ.

ಎತ್ತರದಿಂದ ಬಿದ್ದರೂ ಒಡೆಯದ ಹಾಗೆ ಡಬ್ಬದಲ್ಲಿಟ್ಟು ಮೊಟ್ಟೆ ಬೀಳಿಸುವ ಪ್ರಯೋಗ ಅಂತಾರಲ್ಲ, ನಮ್ಮನೆಗೆ ಮೊಟ್ಟೆ ತರಲ್ಲ. ಬೇರೆ ಏನಾದರೂ?

ಹಪ್ಪಳ! ಕರಿದ ಹಪ್ಪಳ. ಮೊಟ್ಟೆಗಿಂತ ಕಷ್ಟ, ಒಡೆದರೆ ನೆಲ ಒರೆಸಬೇಕಿಲ್ಲ, ತಿನ್ನಬಹುದು.

ಮೂರು ಮೀಟರ್ ಎತ್ತರದ ಟೆರೇಸಿನಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರುತ್ತದೆ. ಸ್ಕೂಟರಿನ ವೇಗ. ಅದಕ್ಕೆ ಮುಕ್ಕಾಲು ಸೆಕೆಂಡಿಗಿಂತ ಚೂರು ಜಾಸ್ತಿ ಸಾಕು. ನಮ್ಮ ಷರತ್ತು: ಶೂ ಡಬ್ಬಕ್ಕಿಂತ ದೊಡ್ಡದು ಇರಬಾರದು, ಹೊರಗೆ ಪ್ಯಾರಾಚೂಟ್ ಬೇಡ, ಒಳಗೆ ಮನೆಯ ಸಾಮಾನು ಮಾತ್ರ. ಟೆರೇಸಿನಿಂದ ಬಿಡುವುದು ದೊಡ್ಡವರು, ಮಕ್ಕಳು ಕೆಳಗೆ, ದೂರ.

ಒಬ್ಬ ಹುಡುಗ ಡಬ್ಬ ತುಂಬ ಕಡ್ಲೆಪುರಿ ಗಿಡಿದ. ಬೀಳಿಸುವ ಮೊದಲೇ ಹಪ್ಪಳ ಪುಡಿ. ಇನ್ನೊಬ್ಬಳು ಹತ್ತಿಯನ್ನು ಸಡಿಲವಾಗಿ ಇಟ್ಟಳು, ಹಪ್ಪಳ ಡಬ್ಬದೊಳಗೇ ಓಡಾಡಿ ಅಂಚು ಮುರಿಯಿತು. ಮೂರನೆಯವಳು ಎರಡು ಪೇಪರ್ ತಟ್ಟೆಯ ನಡುವೆ ಹಪ್ಪಳ ಇಟ್ಟು, ತಟ್ಟೆಯನ್ನು ರಬ್ಬರ್ ಬ್ಯಾಂಡುಗಳಿಂದ ಡಬ್ಬದ ನಾಲ್ಕೂ ಮೂಲೆಗೆ ತೊಟ್ಟಿಲಿನ ಹಾಗೆ ಕಟ್ಟಿದಳು. ಡಬ್ಬ ಧಡ್ ಅಂತ ಬಿತ್ತು, ತಟ್ಟೆ ಒಳಗೆ ಜೋಕಾಲಿ ಆಡಿ ನಿಂತಿತು, ಹಪ್ಪಳಕ್ಕೆ ಒಂದು ಬಿರುಕೂ ಇಲ್ಲ. ಒಂದು ಮಿಲಿಮೀಟರಿನಲ್ಲಿ ನಿಲ್ಲುವ ಬದಲು ಮೂರು ಸೆಂಟಿಮೀಟರಿನಲ್ಲಿ ನಿಂತರೆ ಪೆಟ್ಟು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೈಕಿನ ಶಾಕ್ ಅಬ್ಸಾರ್ಬರ್, ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಎರಡರ ಕೆಲಸವೂ ಇದೇ. ಹೆಲ್ಮೆಟ್ ಹಾಕದ ಅಪ್ಪನಿಗೆ ಆ ಹುಡುಗಿ ಅವತ್ತು ಸಂಜೆ ಪಾಠ ಮಾಡಿದಳಂತೆ.

ನೀರಿನಲ್ಲಿ ಆಡುವಂಥದ್ದು ಏನಾದರೂ ಇದೆಯಾ?

ದುರಾಸೆಯ ಲೋಟ. ಪ್ಲಾಸ್ಟಿಕ್ ಲೋಟದ ತಳಕ್ಕೆ ತೂತು ಮಾಡಿ ಒಂದು ಬಾಗುವ ಪೈಪು ತೂರಿಸಿ. ಒಳಗೆ ಅದನ್ನು ಛತ್ರಿ ಹಿಡಿಯ ಹಾಗೆ ಬಗ್ಗಿಸಿ, ತುದಿ ಲೋಟದ ತಳದ ಹತ್ತಿರಕ್ಕೆ ಬರಲಿ. ತೂತಿನ ಸುತ್ತ ಮೇಣ ಅಥವಾ ಎಂಸೀಲ್ ಮೆತ್ತಿ. ನೀರು ಹಾಕುತ್ತಾ ಹೋದರೆ ಬಾಗಿನ ಎತ್ತರದವರೆಗೆ ಸುಮ್ನೆ ನಿಲ್ಲುತ್ತದೆ. ಅದರ ಮೇಲೆ ಇನ್ನಷ್ಟು ಹಾಕಿದರೆ ಇದ್ದಬದ್ದ ನೀರೆಲ್ಲ ಕೆಳಗಿನಿಂದ ಹರಿದುಹೋಗುತ್ತದೆ. ಇದೇ ಸೈಫನ್. ವಾಷಿಂಗ್ ಮಷೀನಿನಲ್ಲಿ ಕಂಫರ್ಟ್ ಹಾಕುವ ಖಾನೆಯೂ ಹೀಗೇ ತಾನಾಗಿ ಖಾಲಿಯಾಗುವುದು.

ನಾವು ತುಮಕೂರಿನವರು, ನಮಗೆ ಇದರ ದೊಡ್ಡಣ್ಣ ಹತ್ತಿರದಲ್ಲೇ ಇದ್ದಾನೆ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಒಂದು ಜೊತೆ ಸೈಫನ್ ಇವೆ. ನೀರು ಒಂದು ಮಟ್ಟ ದಾಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ಹೆಚ್ಚಿನ ನೀರನ್ನು ಅವೇ ಎಳೆದು ಹೊರಗೆ ಹಾಕುತ್ತವೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳು ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇದ್ದವು. ಆ ಅಣೆಕಟ್ಟೆ ಈಗ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ, ನೀರು ತೀರಾ ಇಳಿದ ವರ್ಷ ಕಾಣುತ್ತದೆ. ಕೆರೆ ಕೋಡಿ ಬೀಳುವುದನ್ನು ಮಕ್ಕಳು ನೋಡಿರುತ್ತಾರೆ. ಕೋಡಿಯಲ್ಲಿ ನೀರು ತುಳುಕುತ್ತದೆ, ಸೈಫನ್ನಿನಲ್ಲಿ ಹೀರಿಕೊಂಡು ಹೋಗುತ್ತದೆ. ಲೋಟ ಮಾಡಿದ ಮೇಲೆ ಮಾರ್ಕೋನಹಳ್ಳಿಗೆ ಹೋದರೆ ಸಂತೋಷವೇ ಬೇರೆ.

ಕರೆಂಟಿನ ಪ್ರಾಜೆಕ್ಟ್?

ಎರಡು ಪೆನ್ಸಿಲ್ ಸೆಲ್ಲು, ಅಂದರೆ 3 ವೋಲ್ಟ್, ಒಂದು ಸಣ್ಣ ಬಿಳಿ ಎಲ್‌ಇಡಿ, ಹಾಳಾದ ಆಟಿಕೆಯ ಮೋಟರು. ಇಷ್ಟರಲ್ಲಿ ಟಾರ್ಚು, ಫ್ಯಾನು, ಡೋರ್ ಅಲಾರಂ ಎಲ್ಲ ಆಗುತ್ತದೆ. ಗೋಡೆಯ 230 ವೋಲ್ಟಿನ ತಂಟೆ ಮಕ್ಕಳಿಗೆ ಬೇಡವೇ ಬೇಡ. ಹಳೇ ಚಾರ್ಜರ್, ಮೊಬೈಲ್ ಬ್ಯಾಟರಿ ಬಿಚ್ಚಿಸಬೇಡಿ. ಮನೆಯಲ್ಲಿ ಸಣ್ಣ ಮಗು ಇದ್ದರೆ ಗುಂಡಿಯಂಥ ಚಪ್ಪಟೆ ಸೆಲ್ಲು ಆ ಡಬ್ಬದಲ್ಲಿ ಇರಲೇಬಾರದು. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟು ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಕಟ್ಟಿದ್ದು ಬಿದ್ದರೆ ಮಗ ಅಳುತ್ತಾನೆ. ನಾನೇ ಸರಿಮಾಡಿ ಕೊಡಲಾ?

ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ. ನಿಜವಾಗಿ ಕಟ್ಟಿಕೊಳ್ಳಿ, ನಾನು ಹಾಗೇ ಮಾಡುತ್ತೇನೆ. ಇಲ್ಲದಿದ್ದರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ಅಳು ನಿಂತ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಮೊದಲು ಎಲ್ಲಿ ಬಾಗಿತು?’ ಯಾಕೆ ಬಿತ್ತು ಅಂತ ಕೇಳಿದರೆ ಮಗುವಿಗೆ ಬೈದ ಹಾಗೆ ಕೇಳಿಸುತ್ತದೆ. ಎಲ್ಲಿ ಅಂತ ಕೇಳಿದರೆ ಅದು ಹೋಗಿ ನೋಡುತ್ತದೆ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಚಕ್ರವನ್ನೂ ಬದಲಿಸಿ, ಬಲೂನನ್ನೂ ಬದಲಿಸಿ, ರಟ್ಟನ್ನೂ ಕತ್ತರಿಸಿದರೆ ಕಾರು ಓಡಬಹುದು, ಯಾವುದರಿಂದ ಓಡಿತು ಅಂತ ತಿಳಿಯುವುದಿಲ್ಲ. ನಮ್ಮಲ್ಲಿ ಒಂದು 100 ಪೇಜಿನ ನೋಟ್‌ಬುಕ್ ಇದೆ. ದಿನಾಂಕ, ಏನು ಬದಲಿಸಿದೆ, ಎಷ್ಟು ದೂರ ಹೋಯಿತು. ಮೂರೇ ಕಾಲಂ. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಂಥದ್ದು ನಡೆಯುತ್ತಾ?

ನಡೆಯಬೇಕು. ಆದರೆ ನನ್ನ ಅನುಭವ ಹೇಳಿಬಿಡುತ್ತೇನೆ. ನನ್ನ ಮಗಳು ಆರನೇ ಕ್ಲಾಸಿನಲ್ಲಿ ಪೇಪರ್ ಸುರುಳಿಯ ಸೇತುವೆ ಒಯ್ದಳು, ಮೂರು ಇಟ್ಟಿಗೆ ಹೊರುತ್ತಿತ್ತು. ಬಹುಮಾನ ಬಂದದ್ದು ಅಂಗಡಿಯಲ್ಲಿ ಮಾಡಿಸಿ ತಂದ ಥರ್ಮಾಕೋಲ್ ಮಾಡೆಲ್ಲಿಗೆ, ಬಣ್ಣದ ಲೈಟ್ ಇತ್ತು. ಅವಳ ಸೇತುವೆ ಮೇಲೆ ಇಟ್ಟಿಗೆ ಇಡಿಸಿ ನೋಡುವ ಪುರಸೊತ್ತೂ ಯಾರಿಗೂ ಇರಲಿಲ್ಲ. ಎರಡು ದಿನ ಅವಳು ಮಾತಾಡಲಿಲ್ಲ. ಈಗ ನಾನು ಹೇಳುವುದು ಇಷ್ಟೇ: ಬಿದ್ದ ಮಾಡೆಲ್‌ಗಳನ್ನೂ, ಆ ನೋಟ್‌ಬುಕ್ಕನ್ನೂ ಜೊತೆಗೇ ಒಯ್ದು ಮೇಜಿನ ಮೇಲಿಡಿ. ನೋಡುವ ಕಣ್ಣಿದ್ದವರು ನಿಲ್ಲುತ್ತಾರೆ. ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ತಾವೇ ಏನಾದರೂ ಮಾಡಿ ನೋಡಲು ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬಂದ ಲ್ಯಾಬ್) ಇರುವ ಶಾಲೆಯಾದರೆ ಆರನೇ ಕ್ಲಾಸಿನಿಂದ ಮಕ್ಕಳು ಅಲ್ಲಿ ಕೆಲಸ ಮಾಡಬಹುದು, ಕೇಳಿ ನೋಡಿ.

ಹೊಸ ಐಡಿಯಾ ಎಲ್ಲಿ ಹುಡುಕಲಿ?

ಕಸದಿಂದ ಆಟಿಕೆ ಅಂದರೆ ಮೊದಲು ನೆನಪಾಗುವ ಹೆಸರು ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಓದಿ ಜೀವನವನ್ನೆಲ್ಲ ಇದಕ್ಕೇ ಕೊಟ್ಟವರು, 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡಿನಿಂದ ಜೋಡಿಸುವ ಅವರ ಉಪಾಯ ನಮ್ಮ ಬಟಾಣಿಗಿಂತ ಹಳೇದು, ಗಟ್ಟಿಯೂ ಹೌದು. ಅವರ ವಿಡಿಯೊಗಳು ಬಿಟ್ಟಿ ಸಿಗುತ್ತವೆ. ಒಂದು ನೋಡಿ, ಫೋನ್ ಒಳಗಿಟ್ಟು, ಮಾಡಿ. ಸಾಲಾಗಿ ಹತ್ತು ನೋಡಿದ ದಿನ ಒಂದೂ ಮಾಡಿರುವುದಿಲ್ಲ.

ಬೆಂಗಳೂರಿಗೆ ಹೋದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಅರ್ಧ ದಿನ ಇಡಿ. ಮಂಗಳೂರಿನ ಕಡೆಯವರಿಗೆ ಪಿಲಿಕುಳದ ವಿಜ್ಞಾನ ಕೇಂದ್ರ, ಉತ್ತರ ಕರ್ನಾಟಕದವರಿಗೆ ಧಾರವಾಡದ ವಿಜ್ಞಾನ ಕೇಂದ್ರ ಇದೆ.

ನಾವು ಹೊರದೇಶದಲ್ಲಿದ್ದೇವೆ. ತೆಂಗಿನ ಕಡ್ಡಿ ಎಲ್ಲಿಂದ ತರೋದು?

ಒಣ ಸ್ಪಗೆಟಿ ಅಥವಾ ಟೂತ್‌ಪಿಕ್. ಕಾಬೂಲಿ ಕಡಲೆ ಎಲ್ಲ ಕಡೆ ಸಿಗುತ್ತದೆ, ನೆನೆಸಿ. ಹಪ್ಪಳ ಹೇಗೂ ಊರಿನಿಂದ ಬಂದೇ ಇರುತ್ತದೆ.

ಮನೆಯೆಲ್ಲ ಕಸ. ಮಾಡಿದ್ದನ್ನು ಬಿಸಾಡಲು ಬಿಡಲ್ಲ. ಎಲ್ಲಿಡೋದು?

ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಕೆಲಸ, ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ. ಇಡಲು ಒಂದೇ ಶೆಲ್ಫು ಕೊಡಿ. ಅದು ತುಂಬಿದರೆ ಹೊಸದಕ್ಕೆ ಜಾಗ ಮಾಡಲು ಯಾವುದನ್ನು ಬಿಚ್ಚಬೇಕು ಅಂತ ಮಗುವೇ ಹೇಳಲಿ. ಒಂದು ಫೋಟೊ ತೆಗೆದು ಬಿಚ್ಚಿ, ಬಿಡಿಭಾಗ ಡಬ್ಬಕ್ಕೆ. ಆಯುಧಪೂಜೆಗೆ ಮಾತ್ರ ಎಲ್ಲವೂ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಳ್ಳುತ್ತವೆ, ನೋಟ್‌ಬುಕ್ಕೂ ಸೇರಿ. ನಮ್ಮ ಜೆಸಿಬಿಯ ಆರು ಸಿರಿಂಜು ಆಮೇಲೆ ಒಂದು ಲಿಫ್ಟ್ ಆದವು, ಈಗ ಒಂದು ರೋಬೊ ಕೈಯಲ್ಲಿವೆ. ಒಂದರ ರಬ್ಬರ್ ಸವೆದು ಸೋರುತ್ತಿದೆ, ಹರಳೆಣ್ಣೆ ಹಚ್ಚಿ ನೋಡುತ್ತಿದ್ದೇವೆ.